ಜ್ವರದ ಜತೆ ಮಾತು ಹಳಿ ತಪ್ಪಿದರೆ

ಮುಂಗಾರು ಹಿಡಿದ ಮೇಲೆ ಮಂಡ್ಯ, ಮೈಸೂರು ಸೀಮೆಯಲ್ಲಿ ಯಾರಿಗೇ ಜ್ವರ ಬರಲಿ, ನೋಡಲು ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಪ್ಲೇಟ್‌ಲೆಟ್ ಎಷ್ಟಿದೆ? ಡೆಂಗಿಯ ಭಯ ಸುಮ್ಮನೆ ಹುಟ್ಟಿದ್ದಲ್ಲ, ಆ ಪ್ರಶ್ನೆಯಲ್ಲಿ ತಪ್ಪೂ ಇಲ್ಲ. ಆದರೆ ಅದರ ಜತೆಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಜ್ವರ ಬಂದವರು ನೆಟ್ಟಗೆ ಮಾತನಾಡುತ್ತಿದ್ದಾರೆಯೇ? ಮನೆಯವರ ಹೆಸರು ಹಿಡಿದು ಕರೆಯುತ್ತಿದ್ದಾರೆಯೇ? ಇವತ್ತು ಯಾವ ವಾರ ಎಂದು ಅವರಿಗೆ ಗೊತ್ತಿದೆಯೇ? ಈ ಪ್ರಶ್ನೆಗಳಿಗೆ ಲ್ಯಾಬ್ ಬೇಕಿಲ್ಲ, ಹಣ ಬೇಕಿಲ್ಲ. ವೈರಸ್ಸಿನಿಂದ ಬರುವ ಮೆದುಳಿನ ಉರಿಯೂತವನ್ನು ಮೊದಲ ದಿನವೇ ಹಿಡಿಯಲು ಇವುಗಳಿಗಿಂತ ಒಳ್ಳೆಯ ಪರೀಕ್ಷೆಯೂ ಇಲ್ಲ.

ನಲವತ್ತು ದಾಟಿದ ರೈತರೊಬ್ಬರಿಗೆ ಮೂರು ದಿನದಿಂದ ಜ್ವರ, ತಲೆನೋವು ಎಂದಿಟ್ಟುಕೊಳ್ಳೋಣ. ಊರಿನ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್, ಒಂದು ಬಾಟಲಿ ಡ್ರಿಪ್ ಆಗಿದೆ. ನಾಲ್ಕನೆಯ ದಿನ ಕೊಟ್ಟಿಗೆಗೆ ಹೋದವರು ಹುಲ್ಲಿನ ಕಂತೆ ಹಿಡಿದುಕೊಂಡು ಸುಮ್ಮನೆ ನಿಂತುಬಿಡುತ್ತಾರೆ. ಮಗಳನ್ನು ತಂಗಿಯ ಹೆಸರಿನಿಂದ ಕರೆಯುತ್ತಾರೆ. ಏನೋ ಸುಟ್ಟ ವಾಸನೆ ಬರುತ್ತಿದೆ ಎಂದು ಮೂಗು ಮುಚ್ಚಿಕೊಳ್ಳುತ್ತಾರೆ, ಬೇರೆ ಯಾರಿಗೂ ಅಂಥ ವಾಸನೆ ಬಂದಿರುವುದಿಲ್ಲ. ಕಾರಣವಿಲ್ಲದೆ ರೇಗುತ್ತಾರೆ. ಜ್ವರದ ತಾಪಕ್ಕೆ ಬಡಬಡಿಸುತ್ತಿದ್ದಾರೆ ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಗಾಳಿ ಸೋಕಿದೆ, ತಾಯತ ಕಟ್ಟಿಸಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಕುಡಿತದ ಚಟ ಇದ್ದವರಾದರೆ ಎಲ್ಲವೂ ಅದರ ಲೆಕ್ಕಕ್ಕೇ ಹೋಗುತ್ತದೆ. ಇಷ್ಟರಲ್ಲಿ ಒಂದೆರಡು ದಿನ ಕಳೆದಿರುತ್ತದೆ. ಫಿಟ್ಸ್ ಬಂದು ಪ್ರಜ್ಞೆ ತಪ್ಪಿದ ಮೇಲೆಯೇ 108ಕ್ಕೆ ಕರೆ ಹೋಗುವುದು. ಕಳೆದುಹೋದ ಆ ಒಂದೆರಡು ದಿನಗಳಲ್ಲೇ ಮನುಷ್ಯನ ಉಳಿವು ಅಳಿವು ತೀರ್ಮಾನವಾಗಿರುತ್ತದೆ.

ಮೆದುಳನ್ನು ಸುತ್ತಿರುವ ಪೊರೆಗೆ ಸೋಂಕು ತಗುಲಿದಾಗ ತಲೆನೋವು, ಕತ್ತು ಬಿಗಿತ, ಬೆಳಕು ಕಂಡರಾಗದಿರುವುದು ಮುಂಚೂಣಿಯಲ್ಲಿರುತ್ತವೆ. ಬುದ್ಧಿ ಸಾಮಾನ್ಯವಾಗಿ ಸ್ಥಿಮಿತದಲ್ಲಿರುತ್ತದೆ. ಮೆದುಳಿನ ಅಂಗಾಂಶಕ್ಕೇ ಉರಿಯೂತ ಬಂದಾಗ ಹಾಗಲ್ಲ, ಮನುಷ್ಯನೇ ಬದಲಾಗುತ್ತಾನೆ. ಹೀಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ಶಂಕಿತ ಪ್ರಕರಣಗಳನ್ನು ಗುರುತಿಸಲು ಒಂದು ಸರಳ ಮಾನದಂಡ ಕೊಟ್ಟಿದೆ: ದಿಢೀರನೆ ಬಂದ ಜ್ವರ, ಅದರ ಜತೆ ಗೊಂದಲ, ಮಾತು ನಿಲ್ಲುವುದು, ಪ್ರಜ್ಞೆ ಮಸುಕಾಗುವುದು ಅಥವಾ ಹೊಸದಾಗಿ ಫಿಟ್ಸ್ ಬರುವುದು. ಯಾವುದೇ ವಯಸ್ಸಿನವರು, ವರ್ಷದ ಯಾವುದೇ ಕಾಲದಲ್ಲಿ ಎಂಬುದು ಆ ಮಾನದಂಡದಲ್ಲೇ ಇದೆ. ನಮ್ಮ ಗೋಡೆಬರಹ, ಕರಪತ್ರ, ಜಾಗೃತಿ ಜಾಥಾಗಳಲ್ಲಿ ಮಾತ್ರ ಇದು ಮಕ್ಕಳ ಕಾಯಿಲೆಯಾಗಿ ಉಳಿದುಬಿಟ್ಟಿದೆ. ದೊಡ್ಡವರ ವಿಚಾರದಲ್ಲಿ ಆಗುತ್ತಿರುವ ಅನಾಹುತದ ಬೇರು ಇಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ದೊಡ್ಡವರಲ್ಲಿ ಮೊದಲು ಅನುಮಾನಿಸಬೇಕಾದ ವೈರಸ್ ಹರ್ಪಿಸ್ ಸಿಂಪ್ಲೆಕ್ಸ್. ಜ್ವರ ಬಂದು ಹೋದಾಗ ತುಟಿಯ ಅಂಚಿನಲ್ಲಿ ಏಳುವ ನೀರ್ಗುಳ್ಳೆಗೆ ಕಾರಣವಾಗುವುದೂ ಇದೇ. ನಮ್ಮಲ್ಲಿ ಬಹಳಷ್ಟು ಜನರಿಗೆ ಬಾಲ್ಯದಲ್ಲೇ ಇದು ತಗುಲಿ, ಮುಖದ ನರದ ಬುಡದಲ್ಲಿ ಜೀವಮಾನವಿಡೀ ಅಡಗಿ ಕುಳಿತಿರುತ್ತದೆ. ಅಪರೂಪಕ್ಕೆ ಯಾರಲ್ಲೋ ಅದು ಮೆದುಳಿಗೇರುತ್ತದೆ. ಏರಿದಾಗ ಬಹುಪಾಲು ಕಿವಿಯ ಮೇಲ್ಭಾಗದ ಒಳಗಿರುವ ಟೆಂಪೊರಲ್ ಭಾಗವನ್ನೇ ಹಿಡಿಯುತ್ತದೆ. ನೆನಪು, ಭಾಷೆ, ವಾಸನೆಯ ಗ್ರಹಿಕೆ, ಕೋಪತಾಪಗಳ ಹತೋಟಿ ಎಲ್ಲವೂ ಆ ಭಾಗಕ್ಕೆ ಸೇರಿದ್ದು. ಮಗಳ ಹೆಸರು ಮರೆತದ್ದು, ಇಲ್ಲದ ವಾಸನೆ ಬಂದದ್ದು, ಸುಮ್ಮನೆ ರೇಗಿದ್ದು ಗಾಳಿ ಸೋಕಿದ್ದರಿಂದಲ್ಲ, ವೈರಸ್ ಎಲ್ಲಿ ಕುಳಿತಿದೆ ಎಂಬುದಕ್ಕೆ ಅವೇ ಸಾಕ್ಷಿ. ಇದಕ್ಕೆ ಸೊಳ್ಳೆ ಬೇಕಿಲ್ಲ, ಮಳೆಗಾಲ ಬೇಕಿಲ್ಲ, ಊರಲ್ಲಿ ಇನ್ನೊಬ್ಬರಿಗೆ ಬಂದಿರಬೇಕಿಲ್ಲ. ಬರುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಐವತ್ತು ದಾಟಿದವರು.

ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 2ರಿಂದ 4 ಮಂದಿಗೆ ಇದು ಬರುತ್ತದೆ. 2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯಲ್ಲಿ ಸುಮಾರು 18 ಲಕ್ಷ, ಮೈಸೂರು ಜಿಲ್ಲೆಯಲ್ಲಿ ಸುಮಾರು 30 ಲಕ್ಷ ಜನ. ಅದೇ ಲೆಕ್ಕ ಇಲ್ಲಿಗೂ ಹೊಂದುತ್ತದೆ ಎಂದುಕೊಂಡರೆ ಎರಡೂ ಜಿಲ್ಲೆ ಸೇರಿ ವರ್ಷಕ್ಕೆ ಹತ್ತರಿಂದ ಇಪ್ಪತ್ತು ಮಂದಿ. ಸಂಖ್ಯೆ ಸಣ್ಣದು ಎನ್ನಿಸಬಹುದು. ಆದರೆ ಔಷಧಿ ಕೊಡದಿದ್ದರೆ ಇವರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಸಾಯುತ್ತಾರೆ. ಔಷಧಿ ಇದೆ. ಹೆಸರು ಅಸೈಕ್ಲೋವಿರ್. ಅದು ಸ್ವೀಡನ್ನಿನಲ್ಲಿ ನಡೆದು 1984ರಲ್ಲೂ ಅಮೆರಿಕದಲ್ಲಿ ನಡೆದು 1986ರಲ್ಲೂ ಪ್ರಕಟವಾದ ಎರಡು ಪ್ರಯೋಗಗಳಲ್ಲಿ ಸಾವಿನ ಪ್ರಮಾಣವನ್ನು ಶೇ 19ಕ್ಕೂ ಶೇ 28ಕ್ಕೂ ಇಳಿಸಿತು. ಈ ಔಷಧಿಯ ಹಿಂದಿನ ಸಂಶೋಧನೆಯನ್ನು ಮುನ್ನಡೆಸಿದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಇವತ್ತು ಅದು ನಮ್ಮ ದೇಶದ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ. ಅಂದರೆ ಔಷಧಿಗಾಗಿ ಕಾಯುವ ಕಾಲ ಮುಗಿದು ನಲವತ್ತು ವರ್ಷವಾಗಿದೆ. ಈಗ ಉಳಿದಿರುವುದು ರೋಗಿಯನ್ನು ಅದರ ಬಳಿಗೆ ತಲುಪಿಸುವ ಕೆಲಸ.

ಕೊಡುವ ಕ್ರಮವನ್ನೂ ಮನೆಯವರು ತಿಳಿದಿರುವುದು ಒಳ್ಳೆಯದು. ದೇಹದ ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂನಂತೆ, ಎಂಟು ಗಂಟೆಗೊಮ್ಮೆ, ರಕ್ತನಾಳದ ಮೂಲಕ. 60 ಕಿಲೋ ತೂಕದವರಿಗೆ ಒಂದು ಸಲಕ್ಕೆ 600 ಮಿಲಿಗ್ರಾಂ. ಅವಸರದಿಂದ ಏರಿಸುವಂತಿಲ್ಲ, ಹರಳುಗಟ್ಟಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಒಂದು ಗಂಟೆ ಹಿಡಿಯುವಂತೆ ಹನಿಹನಿಯಾಗಿ ಕೊಟ್ಟು, ದೇಹದಲ್ಲಿ ನೀರಿನಂಶ ಕಡಿಮೆಯಾಗದಂತೆ ನೋಡಿಕೊಳ್ಳುತ್ತಾರೆ. ಹದಿನಾಲ್ಕರಿಂದ ಇಪ್ಪತ್ತೊಂದು ದಿನ ಇದು ನಡೆಯಬೇಕು. ಐದನೆಯ ದಿನ ರೋಗಿ ಎದ್ದು ಕುಳಿತು ಕಾಫಿ ಕುಡಿದರೆಂದು ಊರಿಗೆ ಕರೆದುಕೊಂಡು ಹೋಗುವುದು, ಇಂಜೆಕ್ಷನ್ ಬದಲು ಮಾತ್ರೆ ಕೊಡಿ ಎಂದು ಒತ್ತಾಯಿಸುವುದು ಎರಡೂ ಅಪಾಯ. ಮಾತ್ರೆಯಿಂದ ಮೆದುಳಿಗೆ ಬೇಕಾದಷ್ಟು ಔಷಧಿ ತಲುಪುವುದಿಲ್ಲ.

ಇಲ್ಲಿ ವೈದ್ಯರು ಪಾಲಿಸಬೇಕಾದ ಒಂದು ನಿಯಮವಿದೆ: ವೈರಸ್ ಯಾವುದೆಂದು ಖಚಿತವಾಗುವ ಮೊದಲೇ, ಅನುಮಾನ ಬಂದ ಕೂಡಲೇ, ಅಸೈಕ್ಲೋವಿರ್ ಶುರುಮಾಡಬೇಕು. ವರದಿ ಬಂದ ಮೇಲೆ ಬೇಡವಾದರೆ ನಿಲ್ಲಿಸಬಹುದು. ತಾಲ್ಲೂಕು ಆಸ್ಪತ್ರೆಯಿಂದ ಮಂಡ್ಯದ ಮಿಮ್ಸ್‌ಗೆ, ಅಲ್ಲಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಎಂದು ರೋಗಿ ಅಲೆಯುವಾಗ ಪ್ರತಿ ಮೆಟ್ಟಿಲಿನಲ್ಲೂ ಮುಂದಿನವರು ಶುರುಮಾಡಲಿ ಎಂದು ಬಿಟ್ಟರೆ ನಷ್ಟವಾಗುವುದು ರೋಗಿಯ ಮೆದುಳಿಗೆ. ಮೊದಲ ಡೋಸ್ ಹತ್ತಿರದ ಆಸ್ಪತ್ರೆಯಲ್ಲೇ ಬೀಳಬೇಕು, ಆಮೇಲೆ ಆಂಬುಲೆನ್ಸ್ ಹೊರಡಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಈ ಇಂಜೆಕ್ಷನ್ ಸದಾ ಇರುವಂತೆ ನೋಡಿಕೊಳ್ಳುವುದು ಜಿಲ್ಲಾಡಳಿತಕ್ಕೆ ದೊಡ್ಡ ಖರ್ಚಿನ ಬಾಬತ್ತೇನಲ್ಲ.

ಇನ್ನು ಈ ನೆಲದ್ದೇ ಆದ ವೈರಸ್ಸಿನ ಮಾತು. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಹೆಸರು ದೂರದ್ದು, ಕಾಯಿಲೆ ಮಾತ್ರ ಗದ್ದೆ ಬಯಲಿನದು. ಇದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡುವುದು ನೀರು ನಿಂತ ಭತ್ತದ ಗದ್ದೆಯಲ್ಲಿ. ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು, ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಗದ್ದೆ ಕೆಸರು ಮಾಡಿ ನಾಟಿ ಹಾಕುವ ದಿನಗಳನ್ನು ನೆನಪಿಸಿಕೊಳ್ಳಿ. ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳ ಸಾಲು, ಊರಂಚಿನಲ್ಲಿ ಹಂದಿಗಳು, ಪಕ್ಕದಲ್ಲೇ ಕೊಟ್ಟಿಗೆ. ಬೆಳ್ಳಕ್ಕಿ, ಕೊಕ್ಕರೆಯಂಥ ನೀರ ಹಕ್ಕಿಗಳಲ್ಲೂ ಹಂದಿಗಳಲ್ಲೂ ಈ ವೈರಸ್ ಬೆಳೆಯುತ್ತದೆ. ಅವುಗಳ ರಕ್ತ ಹೀರಿದ ಸೊಳ್ಳೆ ಮನುಷ್ಯನಿಗೆ ಕಚ್ಚಿದಾಗ ದಾಟುತ್ತದೆ. ದನಗಳನ್ನು ಈ ಸೊಳ್ಳೆ ಹೆಚ್ಚು ಕಚ್ಚಿದರೂ ಅವುಗಳ ರಕ್ತದಲ್ಲಿ ವೈರಸ್ ಮುಂದಕ್ಕೆ ಹರಡುವಷ್ಟು ಬೆಳೆಯುವುದಿಲ್ಲ. ಮನುಷ್ಯನಲ್ಲೂ ಹಾಗೆಯೇ: ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲ. ಆದ್ದರಿಂದ ರೋಗಿಯ ಮನೆಯನ್ನು ದೂರವಿಡುವುದಕ್ಕೆ ಯಾವ ಅರ್ಥವೂ ಇಲ್ಲ.

ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1955ರಲ್ಲಿ, ತಮಿಳುನಾಡಿನ ವೆಲ್ಲೂರಿನಲ್ಲಿ. ಕರ್ನಾಟಕದಲ್ಲಿ ಕೋಲಾರ, ಮಂಡ್ಯ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಹೆಸರು ಬಹಳ ಹಿಂದಿನಿಂದಲೂ ಇದರೊಂದಿಗೆ ಸೇರಿಕೊಂಡಿದೆ. ಮಂಡ್ಯದ ಗದ್ದೆ ಸೊಳ್ಳೆಗಳ ಬಗ್ಗೆ ವಿಜ್ಞಾನಿಗಳು ದಶಕಗಳ ಹಿಂದೆಯೇ ಅಧ್ಯಯನ ಪ್ರಕಟಿಸಿದ್ದಾರೆ. ಕೋಲಾರದಲ್ಲಿ ಪ್ರತ್ಯೇಕಿಸಿದ ವೈರಸ್ ತಳಿಯಿಂದಲೇ ಜೆನ್ವ್ಯಾಕ್ ಎಂಬ ದೇಶೀ ಲಸಿಕೆ ತಯಾರಾಗಿ 2013ರಲ್ಲಿ ಬಳಕೆಗೆ ಬಂತು. ನಮ್ಮದೇ ರಾಜ್ಯದ ಜಿಲ್ಲೆಯೊಂದರ ಮಣ್ಣಿನಿಂದ ಬಂದ ವೈರಸ್ ಇಡೀ ದೇಶಕ್ಕೆ ರಕ್ಷಣೆಯಾಯಿತು ಎಂಬುದು ಹೆಮ್ಮೆಯ ವಿಷಯ. ಅಷ್ಟು ಹತ್ತಿರದಲ್ಲಿದ್ದೂ ನಮ್ಮ ದೊಡ್ಡವರ ಬಗ್ಗೆ ಯೋಚಿಸದಿರುವುದು ಬೇಸರದ ವಿಷಯ.

ಸೋಂಕು ತಗುಲಿದ ಬಹುಪಾಲು ಮಂದಿಗೆ ಏನೂ ಆಗುವುದಿಲ್ಲ. ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ತೀವ್ರ ಕಾಯಿಲೆಯಾಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದರೆ ಆ ಒಬ್ಬರ ಪಾಡು ಕಷ್ಟ. ಮೆದುಳಿಗೆ ಹತ್ತಿದವರಲ್ಲಿ ನೂರಕ್ಕೆ 20ರಿಂದ 30 ಮಂದಿ ಸಾಯುತ್ತಾರೆ. ಬದುಕುಳಿದವರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮಂದಿಗೆ ಕೈಕಾಲಿನ ಬಿಗಿತ, ನಡುಕ, ಫಿಟ್ಸ್, ಮಂಕು ಉಳಿದುಬಿಡುತ್ತದೆ. ಇದಕ್ಕೆ ಅಸೈಕ್ಲೋವಿರ್ ನಾಟುವುದಿಲ್ಲ, ಬೇರೆ ನಿರ್ದಿಷ್ಟ ಔಷಧಿಯೂ ಇಲ್ಲ. ಉಸಿರಾಟ, ಫಿಟ್ಸ್, ಮೆದುಳಿನ ಊತಗಳನ್ನು ನೋಡಿಕೊಳ್ಳುತ್ತಾ ದೇಹವನ್ನು ದಾಟಿಸಬೇಕು, ಅಷ್ಟೇ. ಹಾಗಾಗಿ ಇಲ್ಲಿ ಲಸಿಕೆಯೇ ಅಸ್ತ್ರ.

ಲಸಿಕೆ ಯಾರಿಗೆ ಸಿಕ್ಕಿದೆ? 2006ರಿಂದ ದೇಶದ ರೋಗಪೀಡಿತ ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಅಭಿಯಾನ ನಡೆಯಿತು, ನಂತರ ಒಂಬತ್ತು ತಿಂಗಳಿಗೊಂದು, ಒಂದೂವರೆ ವರ್ಷದ ಆಸುಪಾಸಿಗೊಂದು ಡೋಸ್ ಮಕ್ಕಳ ಸಾಮಾನ್ಯ ಲಸಿಕೆಗಳ ಜತೆ ಸೇರಿತು. 2022ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಇನ್ನಷ್ಟು ಜಿಲ್ಲೆಗಳ ಮಕ್ಕಳಿಗೆ ಅಭಿಯಾನ ನಡೆಸಿತು. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಇವತ್ತು ಮೂವತ್ತೈದು, ನಲವತ್ತು, ಅರವತ್ತು ವಯಸ್ಸಿನವರು ಇದರ ಹೊರಗೇ ಉಳಿದಿದ್ದಾರೆ. ಗದ್ದೆ ಬಯಲಲ್ಲೇ ಹುಟ್ಟಿ ಬೆಳೆದವರಲ್ಲಿ ಹಲವರಿಗೆ ಗೊತ್ತಿಲ್ಲದೆಯೇ ಸೋಂಕು ತಗುಲಿ ರೋಗನಿರೋಧಕ ಶಕ್ತಿ ಬಂದಿರುತ್ತದೆ, ನಿಜ. ಹೊರಗಿನಿಂದ ಕಬ್ಬು ಕಡಿಯಲು, ಇಟ್ಟಿಗೆ ಸುಡಲು ಬಂದವರಿಗೆ, ಪಟ್ಟಣದಿಂದ ಜಮೀನಿಗೆ ಮರಳಿದವರಿಗೆ ಆ ಭರವಸೆ ಇಲ್ಲ. ಮಕ್ಕಳಿಗೆ ಲಸಿಕೆ ಹಾಕಿದ ಕಡೆಗಳಲ್ಲೆಲ್ಲ ಉಳಿದ ರೋಗಿಗಳಲ್ಲಿ ದೊಡ್ಡವರ ಪಾಲು ಹೆಚ್ಚುತ್ತಾ ಹೋಗುತ್ತದೆ. ಜಪಾನ್, ಕೊರಿಯಾಗಳಲ್ಲಿ ಹಾಗೆಯೇ ಆಯಿತು. ಅಸ್ಸಾಂ, ಉತ್ತರ ಪ್ರದೇಶ, ಪಶ್ಚಿಮ ಬಂಗಾಳದ ತೀವ್ರ ರೋಗಪೀಡಿತ ಜಿಲ್ಲೆಗಳಲ್ಲಿ ಇದನ್ನು ಕಂಡೇ ದೊಡ್ಡವರಿಗೂ ಲಸಿಕೆ ಕೊಡಲು ಶುರುಮಾಡಿದರು. ಮಂಡ್ಯಕ್ಕೂ ಅದು ಬೇಕೇ ಎಂಬುದನ್ನು ತೀರ್ಮಾನಿಸಲು ಮೊದಲು ಇಲ್ಲಿನ ದೊಡ್ಡವರ ಪ್ರಕರಣಗಳನ್ನು ವಯಸ್ಸು, ಕಾರಣಗಳ ಸಮೇತ ಎಣಿಸಿ ಜಿಲ್ಲೆಯ ಜನರ ಮುಂದಿಡಬೇಕು. ‘ಜ್ವರ ಮತ್ತು ಫಿಟ್ಸ್’ ಎಂದಷ್ಟೇ ಬರೆದು ಮುಗಿಸಿದ ಕೇಸ್ ಶೀಟಿನಿಂದ ಯಾವ ನೀತಿಯೂ ಹುಟ್ಟುವುದಿಲ್ಲ.

ಉಳಿದ ವೈರಸ್‌ಗಳ ಪಟ್ಟಿ ಉದ್ದವಿದೆ. ಸರ್ಪಸುತ್ತಿನ ವೈರಸ್ ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಮೆದುಳಿಗೆ ಹೋಗಬಹುದು. ಮುಖದ ಮೇಲೆ ಸರ್ಪಸುತ್ತು ಎದ್ದು, ಜ್ವರ ಬಂದು ಮಾತು ಎಡವಿದರೆ ಕೆಮ್ಮಣ್ಣು ಬಳಿಸಿಕೊಂಡು ಕೂರುವ ಹೊತ್ತಲ್ಲ ಅದು. ಅಸೈಕ್ಲೋವಿರ್ ಇದಕ್ಕೂ ಕೆಲಸ ಮಾಡುತ್ತದೆ. ಡೆಂಗಿ, ಚಿಕೂನ್‌ಗುನ್ಯಾ ಎರಡೂ ಕೆಲವೊಮ್ಮೆ ಮೆದುಳನ್ನು ಮುಟ್ಟುತ್ತವೆ. ಡೆಂಗಿ ಪಾಸಿಟಿವ್ ಎಂಬ ವರದಿ ಕೈಗೆ ಬಂದ ಮೇಲೆ ರೋಗಿಯ ಗೊಂದಲವನ್ನೂ ಅದಕ್ಕೇ ಅಂಟಿಸಿ ಸುಮ್ಮನಾಗುವುದು ಸರಿಯಲ್ಲ, ಎರಡೂ ಕಾಯಿಲೆ ಒಟ್ಟಿಗೆ ಬರಬಾರದೆಂದೇನೂ ಇಲ್ಲ. ಮಂಗನ ಕಾಯಿಲೆಯಲ್ಲಿ ಮೊದಲ ಜ್ವರ ಇಳಿದು ವಾರದೆರಡು ವಾರದ ನಂತರ ಎರಡನೆಯ ಸುತ್ತಿನಲ್ಲಿ ಮೆದುಳಿನ ಲಕ್ಷಣ ಬರಬಹುದು. ಮಲೆನಾಡಿನದೆಂದು ನಾವು ತಿಳಿದಿದ್ದ ಈ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದವರಲ್ಲಿ ಕಾಣಿಸಿಕೊಂಡಿತು. ಕಾಡಂಚಿನ ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆಯವರು ಇದನ್ನು ಮರೆಯಬಾರದು.

ನಿಫಾದ ಬಗ್ಗೆ ಮೈಸೂರಿಗರಿಗೆ ಹೆಚ್ಚು ಹೇಳಬೇಕಿಲ್ಲ. 2018ರಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ಅದು ಕಾಣಿಸಿಕೊಂಡ ಮೇಲೆ, ಅಲ್ಲಿ ಪ್ರಕರಣ ಬಂದಾಗಲೆಲ್ಲ ವಯನಾಡಿನ ಗಡಿಯ ಬಾವಲಿ ಚೆಕ್‌ಪೋಸ್ಟ್ ಸುದ್ದಿಯಾಗುತ್ತದೆ. ಬಾವಲಿಗಳು ಕಚ್ಚಿದ ಹಣ್ಣನ್ನು ತಿನ್ನದಿರುವುದು, ರೋಗಿಯ ಆರೈಕೆ ಮಾಡುವವರು ಮಾಸ್ಕ್, ಕೈಗವಸು ಬಿಡದಿರುವುದು ಇದಕ್ಕೆ ಮುಖ್ಯ, ಏಕೆಂದರೆ ಈ ಪಟ್ಟಿಯಲ್ಲಿ ರೋಗಿಯಿಂದ ಆರೈಕೆ ಮಾಡುವವರಿಗೆ ಹರಡುವ ಭೀತಿ ಹೆಚ್ಚಾಗಿರುವುದು ಇದಕ್ಕೇ. ರೇಬಿಸ್ ಕೂಡ ಮೆದುಳಿನ ಉರಿಯೂತವೇ, ಲಕ್ಷಣ ಕಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ನಾಯಿ ಕಚ್ಚಿದ ಗಾಯವನ್ನು ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಲಸಿಕೆ ಶುರುಮಾಡಿದರೆ ಅದನ್ನು ಪೂರ್ತಿ ತಡೆಯಬಹುದು ಎಂಬುದನ್ನು ಎಷ್ಟು ಸಲ ಬರೆದರೂ ಹೆಚ್ಚಾಗದು.

ವೈರಸ್ ಅಲ್ಲದ ವೇಷಧಾರಿಗಳೂ ಇವೆ. ಕ್ಷಯ, ಪೊದೆಗಳಲ್ಲಿನ ನುಸಿಮರಿಗಳಿಂದ ಬರುವ ಸ್ಕ್ರಬ್ ಟೈಫಸ್, ಮೆದುಳಿಗೇರಿದ ಮಲೇರಿಯಾ, ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳಿನ ಮೇಲೆ ತಿರುಗಿಬೀಳುವ ಕಾಯಿಲೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಚಿಕಿತ್ಸೆ ಇದೆ, ಪ್ರತಿಯೊಂದರ ಚಿಕಿತ್ಸೆಯೂ ಬೇರೆ. ಯಾವುದು ಎಂದು ತಿಳಿಯಲು ಇರುವ ದಾರಿಗಳಲ್ಲಿ ಮುಖ್ಯವಾದದ್ದು ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸುವುದು. ನಮ್ಮ ಜನ ಅತಿ ಹೆಚ್ಚು ಹೆದರುವುದೂ ಇದಕ್ಕೇ.

ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ, ಆಮೇಲೆ ಮನುಷ್ಯ ಏಳುವುದಿಲ್ಲ ಎಂಬ ಮಾತು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕುಳಿತವರ ಬಾಯಲ್ಲಿ ಹರಿದಾಡುತ್ತಲೇ ಇರುತ್ತದೆ. ನಡೆಯುವುದು ಇಷ್ಟು: ರೋಗಿಯನ್ನು ಮಗ್ಗುಲಿಗೆ ಮಲಗಿಸಿ, ಮೊಣಕಾಲು ಹೊಟ್ಟೆಗೆ ತಾಗುವಂತೆ ಮುದುಡಿಸುತ್ತಾರೆ. ಸೊಂಟದ ಮೂಳೆಯ ಮೇಲಂಚಿನ ಮಟ್ಟದಲ್ಲಿ ಬೆನ್ನಿನ ಚರ್ಮವನ್ನು ಔಷಧಿಯಿಂದ ಒರೆಸಿ, ಮರಗಟ್ಟಿಸಿ, ಎರಡು ಮೂಳೆಗಳ ನಡುವೆ ಸಣ್ಣ ಸೂಜಿ ಇಳಿಸುತ್ತಾರೆ. ದೊಡ್ಡವರಲ್ಲಿ ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ, ಸೂಜಿ ಅದನ್ನು ತಾಗುವುದಿಲ್ಲ. ಹನಿಹನಿಯಾಗಿ ಒಂದೆರಡು ಚಮಚದಷ್ಟು ನೀರು ಬಾಟಲಿಗೆ ಬೀಳುತ್ತದೆ. ದೇಹ ದಿನಕ್ಕೆ ಸುಮಾರು ಅರ್ಧ ಲೀಟರ್‌ನಷ್ಟು ಈ ದ್ರವವನ್ನು ತಾನೇ ತಯಾರಿಸುತ್ತದೆ, ತೆಗೆದದ್ದು ಕೆಲವೇ ಗಂಟೆಗಳಲ್ಲಿ ತುಂಬಿಕೊಳ್ಳುತ್ತದೆ. ಒಂದೆರಡು ದಿನ ತಲೆನೋವು ಬರಬಹುದು. ರೋಗಿ ಆಮೇಲೂ ಏಳದಿದ್ದರೆ ಅದಕ್ಕೆ ಕಾರಣ ಒಳಗಿನ ಕಾಯಿಲೆ, ಸೂಜಿಯಲ್ಲ. ಮೆದುಳಿನಲ್ಲಿ ಒತ್ತಡ ಹೆಚ್ಚಿರುವ ಅನುಮಾನವಿದ್ದರೆ ಮೊದಲು ಸ್ಕ್ಯಾನ್ ಮಾಡಿ, ಆಮೇಲೆ ಇದನ್ನು ಮಾಡುತ್ತಾರೆ. ಸಹಿ ಕೇಳಿದಾಗ ಹಿಂದೆ ಸರಿಯಬೇಡಿ ಎಂದು ಕೈಮುಗಿದು ಕೇಳಿಕೊಳ್ಳುವಂಥ ವಿಷಯ ಇದು. ಇದನ್ನು ಎರಡು ನಿಮಿಷ ಕುಳಿತು ಮನೆಯವರಿಗೆ ಕನ್ನಡದಲ್ಲಿ ವಿವರಿಸುವ ಹೊಣೆ ವೈದ್ಯರದು. ವಿವರಣೆ ಇಲ್ಲದೆ ಕಾಗದ ಮುಂದೆ ಹಿಡಿದರೆ ಯಾರೇ ಆದರೂ ಹೆದರುತ್ತಾರೆ.

ಪರೀಕ್ಷೆಗಳ ಮಿತಿಯೂ ಗೊತ್ತಿರಬೇಕು. ಸಿಟಿ ಸ್ಕ್ಯಾನ್ ಮೊದಲ ದಿನಗಳಲ್ಲಿ ಏನೂ ತೋರಿಸದೆ ಹೋಗಬಹುದು. ‘ಸ್ಕ್ಯಾನ್ ನಾರ್ಮಲ್ ಇದೆ, ಮಾನಸಿಕ ಇರಬೇಕು’ ಎಂದು ಊರಿಗೆ ಹೊರಡುವುದು ಇಂಥ ಗಳಿಗೆಯಲ್ಲೇ. ಎಂಆರ್‌ಐ ಹೆಚ್ಚು ನಂಬಲರ್ಹ. ಬೆನ್ನಿನ ನೀರಿನಲ್ಲಿ ವೈರಸ್ ಹುಡುಕುವ ಪಿಸಿಆರ್ ಕೂಡ ಮೊದಲ ಎರಡು ಮೂರು ದಿನದಲ್ಲಿ ನೆಗೆಟಿವ್ ಬರಬಹುದು. ಅನುಮಾನ ಬಲವಾಗಿದ್ದರೆ ಔಷಧಿ ನಿಲ್ಲಿಸದೆ ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಲ್ಲ ಮಾಡಿದ ಮೇಲೂ ಪ್ರಪಂಚದ ಒಳ್ಳೆಯ ಆಸ್ಪತ್ರೆಗಳಲ್ಲೇ ಮೂರನೇ ಒಂದಕ್ಕೂ ಹೆಚ್ಚು ಪ್ರಕರಣಗಳಲ್ಲಿ ಕಾರಣ ಸಿಗುವುದಿಲ್ಲ. ಕಾರಣ ಸಿಗಲಿಲ್ಲವೆಂದರೆ ವೈದ್ಯರು ಕೈಚೆಲ್ಲಿದರು ಎಂದರ್ಥವಲ್ಲ.

ಬದುಕುಳಿದವರ ವಿಷಯಕ್ಕೆ ಬಂದರೆ ನಮ್ಮ ವ್ಯವಸ್ಥೆ ಬಹಳ ಬೇಗ ಕೈತೊಳೆದುಕೊಳ್ಳುತ್ತದೆ. ಡಿಸ್ಚಾರ್ಜ್ ಆದವರು ನಡೆದುಕೊಂಡೇ ಮನೆಗೆ ಬರುತ್ತಾರೆ, ನೋಡಿದವರು ವಾಸಿಯಾಯಿತು ಎನ್ನುತ್ತಾರೆ. ಆದರೆ ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ನಾಲೆಯ ಪಾಳಿ ಯಾವತ್ತು, ಗೊಬ್ಬರಕ್ಕೆ ಕೊಟ್ಟ ದುಡ್ಡೆಷ್ಟು ಎಂಬ ಲೆಕ್ಕ ತಪ್ಪುತ್ತದೆ. ತಾಳ್ಮೆಯ ಮನುಷ್ಯ ಮುಂಗೋಪಿಯಾಗುತ್ತಾರೆ. ಹೆಂಡತಿಯ ಮೇಲೆ ಬೀಳುವ ಭಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಸೊಕ್ಕಲ್ಲ, ಸೋಮಾರಿತನವಲ್ಲ, ಮೆದುಳಿಗೆ ಬಿದ್ದ ಪೆಟ್ಟು ಎಂಬುದನ್ನು ಡಿಸ್ಚಾರ್ಜ್ ದಿನವೇ ಮನೆಯವರನ್ನು ಕೂರಿಸಿ ಹೇಳಬೇಕು.

ಎರಡು ಎಚ್ಚರಿಕೆಗಳಂತೂ ಬೇಕೇ ಬೇಕು. ಫಿಟ್ಸ್ ಮಾತ್ರೆಯನ್ನು ವೈದ್ಯರು ಹೇಳುವ ತನಕ ನಿಲ್ಲಿಸುವಂತಿಲ್ಲ. ಹರ್ಪಿಸ್‌ನಿಂದ ಚೇತರಿಸಿಕೊಂಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮುಂದಿನ ಕೆಲವು ವಾರಗಳಲ್ಲಿ ಮತ್ತೆ ಗೊಂದಲ, ವಿಚಿತ್ರ ವರ್ತನೆ, ಕೈಕಾಲಿನ ಅಂಕೆಯಿಲ್ಲದ ಚಲನೆ ಶುರುವಾಗಬಹುದು. ವೈರಸ್ ಮರಳಿತೆಂದೋ ಹುಚ್ಚು ಹಿಡಿಯಿತೆಂದೋ ಕಂಗೆಡುವವರೇ ಹೆಚ್ಚು. ಬಹಳಷ್ಟು ಸಲ ಅದು ದೇಹದ ಪ್ರತಿಕಾಯಗಳೇ ಮೆದುಳಿನ ಮೇಲೆ ಮಾಡುವ ದಾಳಿ, ಅದಕ್ಕೆ ಸ್ಟೀರಾಯ್ಡ್ ಮೊದಲಾದ ಬೇರೆಯೇ ಚಿಕಿತ್ಸೆ ಇದೆ. ತಡಮಾಡದೆ ಮತ್ತೆ ನರರೋಗ ವಿಭಾಗಕ್ಕೆ ಹೋಗಬೇಕು.

ಮಾತು ಕಳೆದುಕೊಂಡವರಿಗೆ ದೂರ ಹೋಗುವ ಅಗತ್ಯವೂ ಇಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ನಮ್ಮಲ್ಲಿ ಹಲವರು ಕಿವಿ ಕೇಳದ ಮಕ್ಕಳ ಆಸ್ಪತ್ರೆ ಎಂದಷ್ಟೇ ತಿಳಿದಿದ್ದಾರೆ. ಮೆದುಳಿನ ಕಾಯಿಲೆಯಿಂದ ಮಾತು, ಓದು, ಬರಹ ಕಳೆದುಕೊಂಡ ದೊಡ್ಡವರಿಗೂ ಅಲ್ಲಿ ಚಿಕಿತ್ಸೆ ಇದೆ. ವಸ್ತುವನ್ನು ತೋರಿಸಿ ಹೆಸರು ಹೇಳಿಸುವುದರಿಂದ ಹಿಡಿದು ಮನೆಯವರು ಹೇಗೆ ಮಾತನಾಡಿಸಬೇಕು ಎಂಬುದರ ತನಕ ಕಲಿಸುತ್ತಾರೆ. ಮೆದುಳು ಕಳೆದುಕೊಂಡದ್ದನ್ನು ಮರಳಿ ಕಲಿಯುವುದು ಮೊದಲ ಕೆಲವು ತಿಂಗಳುಗಳಲ್ಲೇ ಹೆಚ್ಚು. ಹಾಗಾಗಿ ಜ್ವರ ಬಿಟ್ಟು ವರ್ಷವಾದ ಮೇಲೆ ಹೋಗುವುದಕ್ಕಿಂತ, ಆಸ್ಪತ್ರೆಯಿಂದ ಹೊರಡುವ ದಿನವೇ ಅಲ್ಲಿಗೊಂದು ಚೀಟಿ ಬರೆಸಿಕೊಂಡು ಹೊರಡಬೇಕು.